ಪುಣೆಯ ಬಾಲ್ಕನಿಯಲ್ಲಿ ಸ್ಕೀ ಬೈಂಡಿಂಗ್: ರೊಟ್ಟೆಫೆಲ್ಲಾದ ಮೂರು ಪಿನ್ನು ಹೇಗಿದೆ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾದವರು ಓದಿ. ಹಿಮ ಕಾಣಬೇಕಾದರೆ ರೈಲಿನಲ್ಲಿ ಎರಡು ರಾತ್ರಿ ಕಳೆಯಬೇಕಾದ ಊರಿನಲ್ಲಿ ಮನೆ ಮಾಡಿಕೊಂಡವರು ಕೊಳ್ಳಬೇಕಾದದ್ದು ರೊಟ್ಟೆಫೆಲ್ಲಾ ಕಂಪನಿಯ ಹಳೇ ಪದ್ಧತಿಯ ಮೂರು ಪಿನ್ನಿನ ಬೈಂಡಿಂಗನ್ನೇ. ಸೂಪರ್ ಟೆಲಿಮಾರ್ಕ್ ಅಂತ ಅದರ ಹೆಸರು. (ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ.) ಇದಕ್ಕಿಂತ ಚುರುಕಾದವು ಅದೇ ಕಂಪನಿಯಲ್ಲೇ ಇವೆ, ಗೊತ್ತು. ಆದರೆ ಇದರಲ್ಲಿ ಏನು ಸಡಿಲಾದರೂ, ಏನು ಸವೆದರೂ ರವಿವಾರ ಪೇಠೆಯ ಹಾರ್ಡ್‌ವೇರ್ ಗಲ್ಲಿ ಬೋಹ್ರಿ ಆಳಿಯಲ್ಲಿ ಒಂದು ಸುತ್ತು ಹಾಕಿ, ಭೋಸರಿಯ ಒಂದು ಲೇತ್ ಅಂಗಡಿಗೆ ಹೋಗಿಬಂದರೆ ಮುಗಿಯಿತು. ಉಳಿದ ಬೈಂಡಿಂಗುಗಳಿಗೆ ಆ ಭಾಗ್ಯವಿಲ್ಲ.

ನಾನು ಧಾರವಾಡದವನು, ಇರುವುದು ಕೋಥ್ರುಡ್‌ನಲ್ಲಿ, ಕೆಲಸ ಪಿಂಪ್ರಿಯ ಒಂದು ಟೂಲ್ ರೂಮಿನಲ್ಲಿ. ಕಬ್ಬಿಣ ಕೊರೆಯುವುದು ಹೊಟ್ಟೆಪಾಡು, ಸ್ಕೀ ಕೊರೆಯುವುದು ಹುಚ್ಚು. ಈ ಬರಹ ಎರಡೂ ಸೇರಿದ್ದು.

ಸ್ಕೀ ಅಂದಕೂಡಲೇ ನಮ್ಮವರ ಕಣ್ಣಿಗೆ ಬರುವುದು ಗಟ್ಟಿ ಪ್ಲಾಸ್ಟಿಕ್ ಬೂಟು ಹಾಕಿಕೊಂಡು ಗೊಂಡೊಲಾ ಎಂಬ ತಂತಿಬಂಡಿಯಲ್ಲಿ ಮೇಲೆ ಹೋಗಿ ಕೆಳಗೆ ಜಾರುವವರು. ಇದು ಆ ಜಾತಿಯದ್ದಲ್ಲ. ಇದರಲ್ಲಿ ಬೂಟಿನ ಮುಂಭಾಗ ಮಾತ್ರ ಸ್ಕೀಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಎತ್ತಬಹುದು. ನಡೆಯಬಹುದು, ಏರಬಹುದು, ಸಣ್ಣ ಇಳಿಜಾರಿನಲ್ಲಿ ಜಾರಲೂಬಹುದು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಭಾರತದ ಪರವಾಗಿ ಓಡುವುದು ಇದೇ ಕ್ರಾಸ್ ಕಂಟ್ರಿ ಕುಟುಂಬದ ಆಟದಲ್ಲಿ, ಆದರೆ ಆಕೆಯದ್ದು ರೇಸಿನ ಸಪೂರ ಸಾಮಾನು, ಹದಮಾಡಿದ ಟ್ರ್ಯಾಕು. ನಾನು ಹೇಳುತ್ತಿರುವುದು ಟ್ರ್ಯಾಕೇ ಇಲ್ಲದ ಕಾಡು-ಬಯಲಿಗೆ ಹೋಗುವ, ಉಕ್ಕಿನ ಅಂಚಿರುವ ಅಗಲ ಸ್ಕೀ ಮತ್ತು ಚರ್ಮದ ಬೂಟಿನ ವಿಷಯ. ನನ್ನ ಸ್ಕೀ ಫಿಷರ್ ಎಸ್-ಬೌಂಡ್ 98. ಮುಂದೆ 98 ಮಿ.ಮೀ., ನಡುವೆ 69, ಹಿಂದೆ 88. ಕೆಳಗೆ ಮೀನಿನ ಪೊರೆ ಅಚ್ಚು ಇರುವುದರಿಂದ ಹಿಮದ ಉಷ್ಣತೆ ನೋಡಿ ಮೇಣ ಬದಲಿಸುವ ಗೋಳಿಲ್ಲ.

ಈಗ ಬೈಂಡಿಂಗ್. ಒಂದು ಲೋಹದ ತಟ್ಟೆ, ಎರಡು ಬದಿಗೆ ಮೇಲೆದ್ದ ಕಿವಿ, ಮೇಲ್ಮುಖವಾಗಿ ನಿಂತ ಮೂರು ಮೊಂಡು ಪಿನ್ನು, ಮೇಲಿನಿಂದ ಒತ್ತಿಹಿಡಿಯಲು ಒಂದು ದಪ್ಪ ತಂತಿ. ಬೂಟಿನ ಅಟ್ಟೆ ಮುಂದಕ್ಕೆ ಚಪ್ಪಟೆಯಾಗಿ ಚಾಚಿಕೊಂಡಿರುತ್ತದೆ, ಅದರ ತಳದಲ್ಲಿ ಮೂರು ತೂತು. ತೂತು ಪಿನ್ನಿನ ಮೇಲೆ ಕೂರಿಸಿ ತಂತಿ ಒತ್ತಿದರೆ ಆಯಿತು. ಪಿನ್ನಿನ ಸಾಲಿನಲ್ಲಿ ಅಟ್ಟೆಯ ಅಗಲ 75 ಮಿ.ಮೀ. ಇರಬೇಕು, ಅದಕ್ಕೇ ಇದನ್ನು 75 ಮಿ.ಮೀ. ನಾರ್ಡಿಕ್ ನಾರ್ಮ್ ಅನ್ನುತ್ತಾರೆ. ಎಡ-ಬಲ ಬೇರೆ ಬೇರೆ, ಪೆಟ್ಟಿಗೆ ತೆಗೆದಕೂಡಲೇ ಗುರುತು ಮಾಡಿಟ್ಟುಕೊಳ್ಳಿ. ನಾರ್ವೆಯ ಬ್ರೋರ್ ವಿತ್ ಎಂಬಾತ 1927ರಲ್ಲಿ ಮಾಡಿದ ಬೈಂಡಿಂಗಿನಿಂದ ಹುಟ್ಟಿದ ಕಂಪನಿ ಇದು. ಮೂಲ ಉಪಾಯ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಅಜ್ಜನ ಕಾಲದ 75 ಮಿ.ಮೀ. ಬೂಟು ಸಿಕ್ಕರೂ, ಅಟ್ಟೆ ಗಟ್ಟಿ ಇದ್ದರೆ, ಇದರಲ್ಲಿ ಕೂರುತ್ತದೆ.

ಆ "ಅಟ್ಟೆ ಗಟ್ಟಿ ಇದ್ದರೆ" ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಪುಣೆ-ಮುಂಬೈ-ಗೋವಾದವರಿಗೆ ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದೇ.

ನನ್ನ ಮೊದಲ ಜೋಡಿ ಬೂಟು ಸೆಕೆಂಡ್ ಹ್ಯಾಂಡು, ವಿದೇಶದಿಂದ ವಾಪಸಾದವರೊಬ್ಬರ ಹತ್ತಿರ ಕೊಂಡದ್ದು. ಮೇಲಿನ ಭಾಗ ಹೊಸತರ ಹಾಗೇ ಇತ್ತು, ಗೀರೂ ಇರಲಿಲ್ಲ. ಒಂದು ಮಳೆಗಾಲ ಕಪಾಟಿನ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ದೀಪಾವಳಿ ಸ್ವಚ್ಛತೆಗೆ ಕೆಳಗಿಳಿಸಿ ಹಾಕಿಕೊಂಡು ಹಾಲ್‌ನಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಅಟ್ಟೆಯ ನಡುವಿನ ಪದರ ಪುಡಿಪುಡಿಯಾಗಿ ಟೈಲ್ಸ್ ಮೇಲೆ ಉದುರಿತು. ಇದಕ್ಕೆ ಬೈಯಬೇಕಾದ್ದು ಯಾರನ್ನೂ ಅಲ್ಲ, ರಸಾಯನಶಾಸ್ತ್ರವನ್ನು. ಹೊರ ಅಟ್ಟೆಗೂ ಚರ್ಮಕ್ಕೂ ನಡುವೆ ಮೆತ್ತಗಿರಲಿ ಅಂತ ಪಾಲಿಯುರೆಥೇನ್ ಹಾಕುತ್ತಾರೆ. ಗಾಳಿಯ ತೇವ ಅದರೊಳಗಿನ ಎಸ್ಟರ್ ಬಂಧಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಹೈಡ್ರಾಲಿಸಿಸ್ ಅನ್ನುತ್ತಾರೆ. ಬಳಸಲಿ ಬಿಡಲಿ, ಕೆಲಸ ನಡೆದೇ ಇರುತ್ತದೆ. ಸೆಖೆ ಮತ್ತು ತೇವ ಎರಡೂ ಇದ್ದರೆ ಇನ್ನೂ ಬೇಗ. ಅಂದರೆ ನಮ್ಮ ಜೂನ್‌ನಿಂದ ಸೆಪ್ಟೆಂಬರ್ ಅದಕ್ಕೆ ಹೇಳಿ ಮಾಡಿಸಿದ ಕಾಲ. ಸಹ್ಯಾದ್ರಿ ಟ್ರೆಕ್ಕಿಗೆ ಹೋಗುವವರ ಬೂಟಿನ ಅಟ್ಟೆ ರಾಜಗಡದ ಮೇಲೆ ಬಾಯಿಬಿಡುವುದೂ ಎಷ್ಟೋ ಸಲ ಇದೇ ಕಾರಣಕ್ಕೆ. ಅಂಟಿಸಿದರೆ ಪ್ರಯೋಜನವಿಲ್ಲ. ಅಂಟು ಹಿಡಿಯಬೇಕಾದ ಪದಾರ್ಥವೇ ಸತ್ತಿರುತ್ತದೆ.

ಹಾಗಾಗಿ ಎರಡನೆಯದು ಹುಡುಕಿ ಕೊಂಡದ್ದು ಪೂರಾ ರಬ್ಬರ್ ಅಟ್ಟೆ, ಅಂಚಿಗೆ ದಾರ ಹೊರಗೆ ಕಾಣುವ ಹಾಗೆ ಹೊಲಿದ ದಪ್ಪ ಚರ್ಮದ ಇಟಲಿಯ ಹಳೆಯ ಜೋಡಿ. ಆ ಮಾದರಿ ಈಗ ಬರುವುದೇ ಇಲ್ಲ, ಹೆಸರು ಹೇಳಿ ಉಪಯೋಗವಿಲ್ಲ. ತೂಕ ಜಾಸ್ತಿ. ಆದರೆ ಪಾಲಿಯುರೆಥೇನ್ ಚೂರೂ ಇಲ್ಲ, ಮತ್ತು ಹೊಲಿಗೆ ಬಿಚ್ಚಿದರೆ ಮತ್ತೆ ಹೊಲಿಯಬಹುದು. ಹೊಲಿಸಿದ್ದೂ ಆಯಿತು. ಸದಾಶಿವ ಪೇಠೆಯಲ್ಲಿ ರಸ್ತೆ ಬದಿ ಕೂರುವ ಚಮ್ಮಾರ ಕಾಕಾ ಬೂಟನ್ನು ಎರಡು ಕೈಯಲ್ಲಿ ತೂಗಿ ನೋಡಿ, "ಸಾಹೇಬ, ಹೇ ಕುಠಲಂ ಚಾಮಡಂ?" (ಇದು ಎಲ್ಲಿಯ ಚರ್ಮ?) ಅಂತ ಕೇಳಿದರು. ನನ್ನ ಮರಾಠಿಯಲ್ಲಿ ಹಿಮ, ಸ್ಕೀ, ಗುಲ್‌ಮಾರ್ಗ್ ಎಲ್ಲ ವಿವರಿಸಿದೆ. ಅವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ, ಚರ್ಮದಲ್ಲಿ ಇತ್ತು. ಮೇಣ ತಿಕ್ಕಿದ ದಾರದಲ್ಲಿ ಹಳೇ ತೂತಿನಲ್ಲೇ ಸೂಜಿ ಹಾಯಿಸಿ ಎರಡೂ ಬದಿಯಿಂದ ಎಳೆದು ಹೊಲಿದರು. ಹೊಸ ತೂತು ಒಂದನ್ನೂ ಮಾಡಲಿಲ್ಲ. ಹೊಸ ತೂತು ಹಾಕಿದರೆ ಅಂಚು ಹರಿದುಹೋಗುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಅವರೇ ಹೇಳಿದರು. ಈ ಸರ್ವೀಸಿಗೆ ಹತ್ತಕ್ಕೆ ಹತ್ತು.

ಕಿರುಬೆರಳಿನ ಜಾಗ ಹಿಗ್ಗಿಸಿದ್ದೂ ಅವರ ಉಪಾಯವೇ. ನನ್ನದು ಹರಡಿದ ಪಾದ, ಹುಡುಗನಾಗಿದ್ದಾಗ ಬರಿಗಾಲಲ್ಲಿ ಓಡಾಡಿದ ಪಾದ. ಯುರೋಪಿನ ಅಚ್ಚಿಗೆ ಹೊಂದುವುದಿಲ್ಲ. ಮರದ ಅಚ್ಚಿಗೆ ಕಿರುಬೆರಳು ಬರುವ ಕಡೆ ನಾಲ್ಕಾಣೆ ಅಗಲದ ಚರ್ಮದ ಬಿಲ್ಲೆ ಮೊಳೆ ಹೊಡೆದು ಕೂರಿಸಿ, ಬೂಟಿನ ಒಳಗೆ ಆ ಜಾಗಕ್ಕೆ ಮಾತ್ರ ಸ್ಪಿರಿಟ್ ಬೆರೆಸಿದ ನೀರು ಹಚ್ಚಿ, ಅಚ್ಚು ತುರುಕಿ ಎರಡು ದಿನ ಬಿಡುವುದು. ಮನೆಯಲ್ಲಿ ಹೀಟ್ ಗನ್ ಇದ್ದವರು ಅದನ್ನೇ ತಿರುಗಿಸೋಣ ಅಂದುಕೊಳ್ಳುತ್ತೀರಿ. ಪ್ಲಾಸ್ಟಿಕ್ ಬೂಟಿಗೆ ಸರಿ, ಚರ್ಮಕ್ಕೆ ಬೇಡ. ಒಣಗಿ ಸುಕ್ಕುಗಟ್ಟಿ ಆಮೇಲೆ ಬಾಗುವ ಜಾಗದಲ್ಲಿ ಸೀಳುತ್ತದೆ. ಹಿಗ್ಗಿಸಿದ ಮೇಲೆ ವೇತಾಳ ಟೇಕಡಿಯ ಮೇಲೆ ಬೆಳಿಗ್ಗೆ ಹಾಕಿಕೊಂಡು ತಿರುಗಿದೆ. ಕಲ್ಲಿನ ಮೇಲೆ ಬೇಡ, ಮಣ್ಣಿನ ದಾರಿಯಲ್ಲಿ ಮಾತ್ರ, ಯಾಕೆಂದರೆ ಮುಂದೆ ಚಾಚಿದ ಆ ಚಪ್ಪಟೆ ಮೂತಿ ಕಲ್ಲಿಗೆ ತಾಗಿ ಸವೆದರೆ ಬೈಂಡಿಂಗಿನಲ್ಲಿ ಸಡಿಲವಾಗಿ ಅಲ್ಲಾಡುತ್ತದೆ. ವಾಕಿಂಗಿಗೆ ಬಂದ ಹಿರಿಯರು ಮೇ ತಿಂಗಳಲ್ಲಿ ಇಂಥ ಬೂಟು ನೋಡಿ ನನ್ನ ಕಾಲಿಗೆ ಏನೋ ಆಪರೇಷನ್ ಆಗಿರಬೇಕು ಅಂತ ತಿಳಿದು ದಾರಿ ಬಿಟ್ಟುಕೊಟ್ಟರು.

ಮೂರು ಪಿನ್ನಿನ ಪದ್ಧತಿಯ ನಿಜವಾದ ದೌರ್ಬಲ್ಯ ಬೈಂಡಿಂಗಿನಲ್ಲಿಲ್ಲ, ಬೂಟಿನ ತೂತಿನಲ್ಲಿದೆ. ಕಾಲು ಎತ್ತಿದಾಗಲೆಲ್ಲ ಪಿನ್ನು ತೂತಿನ ಗೋಡೆಯನ್ನು ಎಳೆಯುತ್ತದೆ. ದುಂಡಗಿದ್ದ ತೂತು ನಿಧಾನಕ್ಕೆ ಮೊಟ್ಟೆಯಾಕಾರ ಆಗುತ್ತದೆ, ಹಿಮ್ಮಡಿ ಸ್ಕೀ ಬಿಟ್ಟು ಪಕ್ಕಕ್ಕೆ ಸರಿಯಲು ಶುರುವಾಗುತ್ತದೆ. ನನ್ನ ಇಟಲಿಯ ಜೋಡಿ ಬಂದದ್ದೇ ಆ ಸ್ಥಿತಿಯಲ್ಲಿ. ಇದಕ್ಕೆ ಅಟ್ಟೆಯ ಮೂತಿಯ ತಳದಲ್ಲಿ ಒಂದೂವರೆ ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತಟ್ಟೆ ಕೂರಿಸಿದೆ. ತೂತಿನ ಜಾಗ ಸ್ಕೇಲಿನಲ್ಲಿ ಅಳೆಯಲು ಹೋಗಬೇಡಿ, ಅರ್ಧ ಮಿಲಿಮೀಟರ್ ತಪ್ಪಿದರೂ ಕೂರುವುದಿಲ್ಲ. ಪಿನ್ನಿನ ತುದಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ತಟ್ಟೆಯನ್ನು ಬೈಂಡಿಂಗಿನ ಕಿವಿಗಳ ನಡುವೆ ಸರಿಯಾಗಿ ಕೂರಿಸಿ ಒತ್ತಿದೆ. ಮೂರು ಕೆಂಪು ಚುಕ್ಕೆ ಬಿತ್ತು. ಅದರ ಮೇಲೆ ಸೆಂಟರ್ ಪಂಚ್.

ಕೊರೆಯಲು ಭೋಸರಿಗೆ ಒಯ್ದೆ. ಆಫೀಸಿನ ಮಶೀನಿನಲ್ಲಿ ಸ್ವಂತ ಕೆಲಸ ಮಾಡುವುದಿಲ್ಲ, ಅದೊಂದು ನೇಮ. ಅಲ್ಲಿ ನನಗೆ ಗೊತ್ತಿರುವ ಲೇತ್ ಅಂಗಡಿಯವನು ಇಂಡಿ ತಾಲೂಕಿನವನು. ಬೈಂಡಿಂಗನ್ನು ತಿರುಗಿಸಿ ಮುರುಗಿಸಿ ನೋಡಿದ, ತಂತಿಯನ್ನು ಒಂದೆರಡು ಸಲ ಟಪ್ ಟಪ್ ಅನ್ನಿಸಿದ.

"ಏನ್ರೀ ಸರ, ಇದೇನ ಇಲಿ ಹಿಡಿಯೂ ಬೋನ ಏನ್ರಿ?"

"ಅಲ್ಲಪಾ, ಕಾಲ ಹಿಡಿಯೂದು."

"ಹಂಗಾರ ದೊಡ್ಡ ಇಲಿನ ಬಿಡ್ರಿ," ಅಂದ, ನಗಲಿಲ್ಲ.

ಆದರೆ ಕೆಲಸ ಬಲ್ಲವನು. 304 ಸ್ಟೇನ್‌ಲೆಸ್ಸಿಗೆ ಡ್ರಿಲ್ ಜೋರಾಗಿ ತಿರುಗಿಸಿ ಮೆಲ್ಲಗೆ ಒತ್ತಿದರೆ ಕತ್ತರಿಸುವ ಬದಲು ಉಜ್ಜುತ್ತದೆ, ಉಜ್ಜಿದ ಜಾಗ ಬಿರುಸಾಗಿ ಆಮೇಲೆ ಡ್ರಿಲ್ ಬಿಟ್ ಸುಟ್ಟುಹೋಗುತ್ತದೆ. ಅವನು ಸ್ಪೀಡು ಇಳಿಸಿದ, ಕೋಬಾಲ್ಟ್ ಬಿಟ್ ಹಾಕಿದ, ಎಣ್ಣೆ ಬಿಟ್ಟ, ಮೈಭಾರ ಹಾಕಿ ಒತ್ತಿದ. ಸುರುಳಿ ಸುರುಳಿಯಾಗಿ ಚೂರು ಮೇಲೆ ಬಂತು. ತೂತು ಪಿನ್ನಿಗಿಂತ ಕೂದಲೆಳೆಯಷ್ಟು ದೊಡ್ಡದು, ಕೆಳಗಿನ ಬಾಯಿಗೆ ಸ್ವಲ್ಪ ಇಳಿಜಾರು, ಹಿಮದಲ್ಲಿ ಕೈ ನಡುಗುವಾಗ ಪಿನ್ನು ತಾನೇ ದಾರಿ ಹುಡುಕಿಕೊಳ್ಳಲಿ ಅಂತ. ಮನೆಗೆ ಬಂದು ರಬ್ಬರನ್ನು ತಟ್ಟೆಯ ದಪ್ಪದಷ್ಟೇ ಕೆತ್ತಿ, ಅರಾಲ್ಡೈಟ್ ಹಾಕಿ, ತಲೆ ಒಳಗೆ ಕೂರುವ ಸಣ್ಣ ಸ್ಕ್ರೂ ಬಿಗಿದೆ. ಕೆತ್ತದೇ ಮೇಲೆಯೇ ಅಂಟಿಸಿದರೆ ಅಟ್ಟೆ ಆ ಒಂದೂವರೆ ಮಿಲಿಮೀಟರ್ ದಪ್ಪವಾಗಿ ತಂತಿ ಪೂರ್ತಿ ಕೆಳಗೆ ಇಳಿಯುವುದೇ ಇಲ್ಲ. ಅರಾಲ್ಡೈಟ್‌ನಲ್ಲಿ ನಿಧಾನಕ್ಕೆ ಗಟ್ಟಿಯಾಗುವುದನ್ನೇ ತನ್ನಿ. ಐದು ನಿಮಿಷದ್ದು ಪಿಂಗಾಣಿ ಗೊಂಬೆಗೆ ಸರಿ.

ಇನ್ನು ಸ್ಕೀಯಲ್ಲಿ ತೂತು ಕೊರೆಯುವುದು. ಎಲ್ಲರಿಗೂ ಭಯ ಇರುವುದು ಇಲ್ಲಿ, ನಿಜ ಹೇಳಬೇಕೆಂದರೆ ಅಷ್ಟು ಭಯದ ಕೆಲಸ ಅಲ್ಲ. ಪಿನ್ನಿನ ಸಾಲು ಸ್ಕೀಯ ತೂಕ ಸಮನಾಗುವ ಜಾಗದ ಮೇಲೆ ಬರಬೇಕು. ಬರಿ ಸ್ಕೀಯನ್ನು ನಿಲ್ಲಿಸಿಟ್ಟ ಉಕ್ಕಿನ ಸ್ಕೇಲಿನ ಅಂಚಿನ ಮೇಲೆ ಅಡ್ಡ ಇಟ್ಟು ಆ ಕಡೆ ಈ ಕಡೆ ಸರಿಸುತ್ತ ಹೋದರೆ ಒಂದು ಕಡೆ ನಿಲ್ಲುತ್ತದೆ. ಫ್ಯಾನ್ ಆರಿಸಿ, ಗಾಳಿಗೆ ತಪ್ಪು ತೋರಿಸುತ್ತದೆ. ಎರಡೂ ಸ್ಕೀಯ ಗುರುತು ಹೋಲಿಸಿ. ನಡುಗೆರೆ ಎಳೆಯುವಾಗ ಒಂದೇ ಕಡೆ ಅಳೆಯಬೇಡಿ, ಮೂರು ಕಡೆ ಅಗಲ ಅಳೆದು ಅರ್ಧ ಮಾಡಿ ಗೆರೆ ಸೇರಿಸಿ.

ಸ್ಕೀ ಬೈಂಡಿಂಗಿನ ಸ್ಕ್ರೂ ಮಾಮೂಲಿ ಮರದ ಸ್ಕ್ರೂ ಅಲ್ಲ. ದಪ್ಪ 5.5 ಮಿ.ಮೀ., ಒಳಗೆ ಹೋಗುವುದು ಬರೀ 9 ಮಿ.ಮೀ. ಆಸುಪಾಸು. ಸ್ಕೀಯೊಳಗೆ ಲೋಹದ ಹಾಳೆ ಇಲ್ಲದಿದ್ದರೆ 3.5 ಅಥವಾ 3.6ರ ಬಿಟ್, ಇದ್ದರೆ 4.1. ಬಹಳ ಸ್ಕೀಗಳ ಮೇಲೆ ಅದನ್ನು ಅಚ್ಚು ಹಾಕಿರುತ್ತಾರೆ, ನೋಡಿ. ಉಕ್ಕಿನ ಅಂಚು ಇದ್ದ ಮಾತ್ರಕ್ಕೆ ಒಳಗೆ ಹಾಳೆ ಇದೆ ಅಂತಲ್ಲ, ಅವೆರಡೂ ಬೇರೆ. ಬಿಟ್‌ನ ತುದಿಯಿಂದ 9 ಮಿ.ಮೀ. ಅಳೆದು ಇನ್ಸುಲೇಷನ್ ಟೇಪು ಸುತ್ತಿ, ಟೇಪು ಸ್ಕೀಗೆ ತಾಗಿದಾಗ ನಿಲ್ಲಿಸಿ. ಇನ್ನೊಂದು: ಸ್ಕ್ರೂ ತಲೆಯಲ್ಲಿರುವುದು ನಮ್ಮ ಮನೆಮನೆಯಲ್ಲಿರುವ ಫಿಲಿಪ್ಸ್ ನಕ್ಷತ್ರ ಅಲ್ಲ, ಪೋಜಿಡ್ರೈವ್ 3ನೇ ನಂಬರು. ನೋಡಲು ಒಂದೇ ಥರ, ನಕ್ಷತ್ರದ ಸಂದಿಯಲ್ಲಿ ಸಣ್ಣ ಗೀಟು ಹೆಚ್ಚಿಗೆ ಇರುತ್ತದೆ. ಫಿಲಿಪ್ಸ್ ಹಾಕಿ ತಿರುಗಿಸಿದರೆ ತಲೆ ತಿರುಪಿ ಬೋಳಾಗುತ್ತದೆ. ಬೋಹ್ರಿ ಆಳಿಯಲ್ಲಿ ಮೂರು ಅಂಗಡಿಯಲ್ಲಿ "ಏಕಚ ಆಹೆ ಹೋ" (ಎರಡೂ ಒಂದೇ ರೀ) ಅಂತ ಫಿಲಿಪ್ಸ್ ಕಟ್ಟಲು ನೋಡಿದರು. ನಾಲ್ಕನೆಯವರು ಮಾತಾಡದೆ ಒಳಗಿನ ಡಬ್ಬಿಯಿಂದ ಸರಿಯಾದದ್ದನ್ನು ತೆಗೆದುಕೊಟ್ಟರು.

ನಾನು ಮಾಡಿದ ಬದಲಾವಣೆಗಳಲ್ಲಿ ಹಿಮದ ಮೇಲೆ ಎಲ್ಲಕ್ಕಿಂತ ಲಾಭ ಕೊಟ್ಟದ್ದು ತರಕಾರಿ ಹೆಚ್ಚುವ ಹಲಗೆ. ಲೆಕ್ಕ ನೋಡಿ: ಬೂಟಿನ ಮೂತಿ 75 ಮಿ.ಮೀ., ಸ್ಕೀಯ ನಡು 69. ಎರಡೂ ಬದಿಗೆ ಮೂರು ಮೂರು ಮಿಲಿಮೀಟರ್ ಹೊರಗೆ. ಬೈಂಡಿಂಗಿನ ಕಿವಿ ಇನ್ನೂ ಹೊರಗೆ. ಗಟ್ಟಿ ಹಿಮದ ಇಳಿಜಾರಿನಲ್ಲಿ ಸ್ಕೀಯನ್ನು ವಾಲಿಸಿ ಅಂಚಿನ ಮೇಲೆ ನಿಲ್ಲಿಸಿದಾಗ ಈ ಹೊರಗಿನ ಭಾಗ ಹಿಮಕ್ಕೆ ಉಜ್ಜುತ್ತದೆ, ಅಂಚು ಕಚ್ಚುವುದು ಬಿಡುತ್ತದೆ. ಬೈಂಡಿಂಗನ್ನು ಸ್ವಲ್ಪ ಎತ್ತರಿಸಿದರೆ ಈ ತೊಂದರೆ ತಪ್ಪುತ್ತದೆ. ಎತ್ತರಿಸಲು ಬೇಕಾದದ್ದು ನೀರು ಕುಡಿಯದ, ಚಳಿಗೆ ಸೀಳದ, ಗರಗಸಕ್ಕೆ ಬಗ್ಗುವ ವಸ್ತು. ಬಿಳಿ ಪಾಲಿಎಥಿಲೀನ್ ಹಲಗೆಯಲ್ಲಿ ಈ ಮೂರೂ ಗುಣ ಇವೆ, ವಿದೇಶದಲ್ಲೂ ಸ್ಕೀ ರಿಪೇರಿಯ ಹವ್ಯಾಸಿಗಳು ಅದನ್ನೇ ಕತ್ತರಿಸುತ್ತಾರೆ. ನಮ್ಮನೆಯದು ಸರಿಯಾಗಿ ಹತ್ತು ಮಿ.ಮೀ. ಇತ್ತು. ಹೆಂಡತಿ ವರ್ನಿಯರ್ ಹಿಡಿದು ಅಡುಗೆಮನೆಗೆ ಬಂದವನನ್ನು ನೋಡಿಯೇ ಅರ್ಥ ಮಾಡಿಕೊಂಡಳು.

"ಮೊದಲ ಹೊಸಾದು ತಂದ ಇಡ್ರಿ. ಆಮ್ಯಾಲೆ ಅದನ್ನ ಏನರೆ ಮಾಡ್ಕೋರಿ."

ತುಳಶಿಬಾಗ್‌ನಿಂದ ಹೊಸದು ಬಂತು, ಹಳೆಯದು ನಾಲ್ಕು ತುಂಡಾಯಿತು. ಮುಂದೆ ಹಾಕಿದಷ್ಟೇ ದಪ್ಪ ಹಿಮ್ಮಡಿಯ ಕೆಳಗೂ ಹಾಕಬೇಕು, ಇಲ್ಲದಿದ್ದರೆ ಇಡೀ ದಿನ ಹಿಮ್ಮಡಿ ಇಳಿದುಕೊಂಡೇ ನಿಂತ ಹಾಗಾಗಿ ಮೀನಖಂಡ ಹಿಡಿದುಕೊಳ್ಳುತ್ತದೆ. ಹಲಗೆಯ ತುಂಡುಗಳ ಮೇಲೆ ಅರಿಸಿನದ ಕಲೆ ಈಗಲೂ ಇದೆ.

ಹತ್ತು ಮಿ.ಮೀ. ಎತ್ತರಿಸಿದರೆ ಸ್ಕ್ರೂ ಹತ್ತು ಮಿ.ಮೀ. ಉದ್ದ ಬೇಕು. ಆ ಉದ್ದದ ಸ್ಕೀ ಸ್ಕ್ರೂವನ್ನು ಪುಣೆಯಲ್ಲಿ ಹುಡುಕುತ್ತ ಕೂರಲು ನನಗೆ ಇಷ್ಟವಿರಲಿಲ್ಲ. ಹಾಗಾಗಿ ಇಂಡಿಯವನ ಹತ್ತಿರ ಸ್ಟೇನ್‌ಲೆಸ್ ಬುಷ್, ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಸಣ್ಣ ಕೊಳವೆ, ಮಾಡಿಸಿದೆ: ಹೊರಗೆ ಎಂ8 ಥ್ರೆಡ್, ಒಳಗೆ ಎಂ5, ಉದ್ದ ಒಂಬತ್ತು. ಸ್ಕೀಯಲ್ಲಿ 6.8ರ ತೂತು, ಕೈಯಿಂದ ಎಂ8 ಟ್ಯಾಪು, ಅರಾಲ್ಡೈಟ್, ಬುಷ್ ಒಳಗೆ. ಬುಷ್ಷಿನ ಒಳಥ್ರೆಡ್ಡಿಗೆ ಅಂಟು ಹೋಗದಂತೆ ಗ್ರೀಸ್ ಹಚ್ಚಿದ ಬೋಲ್ಟು ಹಾಕಿಟ್ಟು ಮಾರನೆ ದಿನ ತೆಗೆದೆ. ವಿದೇಶದಲ್ಲಿ ಇದು ರೆಡಿಮೇಡ್ ಸಿಗುತ್ತದೆ, ನಾಲ್ಕು ಪಟ್ಟು ಬೆಲೆ ಮತ್ತು ಕಸ್ಟಮ್ಸ್ ಬೇರೆ. ಈಗ ನನ್ನ ಬೈಂಡಿಂಗ್ ನಿಂತಿರುವುದು ಎಂ5 ಬೋಲ್ಟಿನ ಮೇಲೆ. ಎಂ5 ಬೋಲ್ಟು ಬೋಹ್ರಿ ಆಳಿಯಲ್ಲಿ ಏನು, ಬಾರಾಮುಲ್ಲಾದ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಬೇಡವಾದಾಗ ಬಿಚ್ಚಿ ಸ್ಕೀಯನ್ನು ಚಪ್ಪಟೆಯಾಗಿ ಪ್ಯಾಕ್ ಮಾಡಬಹುದು, ಝೇಲಮ್ ಎಕ್ಸ್‌ಪ್ರೆಸ್ಸಿನ ಬರ್ತಿನ ಕೆಳಗೆ ಓರೆಯಾಗಿ ತೂರಿಸಲು ಇದೂ ಒಂದು ಅನುಕೂಲ. ಬುಷ್ ಮಾಡಿಸುವ ಉಸಾಬರಿ ಬೇಡ ಅನ್ನುವವರು ಮಾಮೂಲಿ ಸ್ಕ್ರೂವನ್ನೇ ಅರಾಲ್ಡೈಟ್ ಹಾಕಿ ಬಿಗಿಯಿರಿ. ಮುಂದೆ ಬಿಚ್ಚಬೇಕಾದಾಗ ಸ್ಕ್ರೂ ತಲೆಗೆ ಬಿಸಿ ಸೋಲ್ಡರಿಂಗ್ ಐರನ್ ಸ್ವಲ್ಪ ಹೊತ್ತು ಹಿಡಿದರೆ ಅಂಟು ಮೆತ್ತಗಾಗಿ ಬಿಡುತ್ತದೆ.

ಇಷ್ಟೆಲ್ಲ ಮಾಡಿದ್ದು ಗುಲ್‌ಮಾರ್ಗ್‌ನಲ್ಲಿ ಹೇಗೆ ನಡೆಯಿತು? ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಎಲ್ಲರೂ ಗೊಂಡೊಲಾ ಕ್ಯೂನಲ್ಲಿ ನಿಂತಿರುತ್ತಾರೆ. ನನಗೆ ಬೇಕಾದದ್ದು ಊರಿನ ಹೊರಸುತ್ತಿನ ದಾರಿ, ಸುಮಾರು 11 ಕಿ.ಮೀ., ಕಾಡಿನ ಅಂಚಿನಲ್ಲಿ ಹೋಗುವಂಥದ್ದು. ಫೆಬ್ರವರಿ ಬೆಳಿಗ್ಗೆ ರಾತ್ರಿಯಿಡೀ ಹೆಪ್ಪುಗಟ್ಟಿದ ಗಟ್ಟಿ ಹಿಮ. ಮೊದಲು ಇಂಥದ್ದರಲ್ಲಿ ಅಡ್ಡ ಇಳಿಜಾರು ದಾಟುವಾಗ ಕೆಳಗಿನ ಕಾಲು ಜಾರುತ್ತಿತ್ತು. ಹಲಗೆ ಹಾಕಿದ ಮೇಲೆ ಅಂಚು ಕಚ್ಚಿ ನಿಂತಿತು, ಸ್ಟೀಲ್ ತಟ್ಟೆಯಿಂದಾಗಿ ಹಿಮ್ಮಡಿ ಆಚೀಚೆ ಹೋಗಲಿಲ್ಲ. ಕಾಲಿಗೆ ಬಂದ ವ್ಯತ್ಯಾಸ ಮೊದಲ ಹತ್ತು ಹೆಜ್ಜೆಯಲ್ಲೇ ಗೊತ್ತಾಯಿತು. ಮಧ್ಯಾಹ್ನ ಹಿಮ ಒದ್ದೆಯಾದ ಮೇಲೆ ಬೇರೆ ಕಥೆ: ಬೂಟಿನ ಕೆಳಗೆ ಹಿಮ ಅಂಟಿಕೊಂಡು ಉಂಡೆಯಾಗುತ್ತದೆ. ಬಿಳಿ ಹಲಗೆಯ ಮೇಲ್ಮೈಗೆ ಮೇಣದಬತ್ತಿ ತಿಕ್ಕಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಬೂಟಿನ ತೂತಿನೊಳಗೆ ಹಿಮ ತುಂಬಿ ಗಟ್ಟಿಯಾಗುವುದು ಯಾವ ಕಂಪನಿಯ ಮೂರು ಪಿನ್ನಿಗೂ ಇರುವ ಕಾಟ. ಚಹಾಕ್ಕೆ ಸ್ಕೀ ಬಿಚ್ಚಿ ನಿಂತರೆ ಮತ್ತೆ ಹಾಕುವಾಗ ಪಿನ್ನು ಒಳಗೆ ಹೋಗುವುದಿಲ್ಲ. ಜಿಪ್ಪಿಗೆ ಒಂದು ಮೊಂಡು ದಬ್ಬಣ ಕಟ್ಟಿಕೊಂಡಿದ್ದೇನೆ, ಕೆದಕಿ ಹಾಕುವುದು. ಇನ್ನೊಂದು, ಇದರಲ್ಲಿ ಬ್ರೇಕು ಇಲ್ಲ. ಬಿಚ್ಚಿದ ಸ್ಕೀ ಇಳಿಜಾರಿನಲ್ಲಿ ತಾನೇ ಹೊರಟುಬಿಡುತ್ತದೆ. ಬೂಟಿನ ಲೇಸಿನಿಂದ ಬೈಂಡಿಂಗಿಗೆ ಸಣ್ಣ ಹಗ್ಗ ಕಟ್ಟಲೇಬೇಕು. ಟ್ರೆಕ್ಕಿಂಗ್ ಅಂಗಡಿಯಲ್ಲಿ ಸಿಗುವ 3 ಮಿ.ಮೀ. ಕಾರ್ಡ್ ಸಾಕು.

ದೊಡ್ಡ ಕೊರತೆ ಬೇರೆ ಇದೆ. ಬಿದ್ದಾಗ ಇದು ಕಾಲನ್ನು ಬಿಡುವುದಿಲ್ಲ. ಬೂಟು ಮೆತ್ತಗಿರುವುದರಿಂದ ಸಣ್ಣ ಬೀಳುಗಳಲ್ಲಿ ತೊಂದರೆ ಇಲ್ಲ, ಆದರೆ ಗುಲ್‌ಮಾರ್ಗ್‌ನ ಅಫರ್ವಾತ್ ಬೆಟ್ಟದ ಮೇಲಿನ ಕಡಿದಾದ ಇಳಿಜಾರಿಗೆ, ಹಿಮಕುಸಿತದ ಅಪಾಯ ಇರುವ ಕಡೆಗೆ ಈ ಸಾಮಾನು ಹೊತ್ತು ಹೋಗಲೇಬಾರದು. ಅದಕ್ಕೆ ಬಿಡಿಸಿಕೊಳ್ಳುವ ಬೈಂಡಿಂಗು, ಗಟ್ಟಿ ಬೂಟು, ತಿಳಿದ ಜೊತೆಗಾರರು ಬೇಕು. ಇದು ಬಯಲು ಮತ್ತು ಕಾಡಿನ ದಾರಿಯ ಬೈಂಡಿಂಗು.

ಅದೇ ಕಂಪನಿಯ ಎನ್‌ಎನ್‌ಎನ್ ಬಿಸಿ ಎಂಬ ಇನ್ನೊಂದು ಬೈಂಡಿಂಗ್ ಹಾಕಿಯೂ ನಡೆದಿದ್ದೇನೆ, ಗೆಳೆಯನದ್ದು. ಬೂಟಿನ ಮೂತಿಯೊಳಗೆ ಒಂದು ಉಕ್ಕಿನ ಸರಳು, ಅದು ಬೈಂಡಿಂಗಿನ ಬಾಯಲ್ಲಿ ಸಿಕ್ಕಿಕೊಂಡು ತಿರುಗುತ್ತದೆ. ಸಮತಟ್ಟಿನಲ್ಲಿ ಹೆಜ್ಜೆ ಹಾಕಲು ನನ್ನದಕ್ಕಿಂತ ಎಷ್ಟೋ ಹಗುರ, ಇದರಲ್ಲಿ ಎರಡು ಮಾತಿಲ್ಲ. 2021ರಲ್ಲಿ ಬಂದ ಎಕ್ಸ್‌ಪ್ಲೋರ್ ಬೈಂಡಿಂಗ್ ಅದಕ್ಕಿಂತಲೂ ಗಟ್ಟಿಹಿಡಿತದ್ದು ಅಂತ ಹಾಕಿದವರು ಹೊಗಳುತ್ತಾರೆ. ಓಸ್ಲೋದಲ್ಲೋ ಮಿನಿಯಾಪೊಲಿಸ್‌ನಲ್ಲೋ ಇದ್ದಿದ್ದರೆ ಕಣ್ಣು ಮುಚ್ಚಿ ಅದನ್ನೇ ಕೊಳ್ಳುತ್ತಿದ್ದೆ. ಆದರೆ ಸರಳು ಅಟ್ಟೆಯ ಪ್ಲಾಸ್ಟಿಕ್ಕಿನಿಂದ ಕಿತ್ತುಬಂದರೆ ಸದಾಶಿವ ಪೇಠೆಯ ಕಾಕಾ ಏನು ಮಾಡಬೇಕು? ಇಂಡಿಯವನು ಎಲ್ಲಿ ತೂತು ಹಾಕಬೇಕು? ನನ್ನ ಕೈಗೆ, ನನ್ನ ಊರಿಗೆ ಎಟುಕುವ ವಸ್ತು ಬೇಕು ಅನ್ನುವುದು ನನ್ನ ಹಟ. ನಿಮ್ಮದು ಬೇರೆ ಇರಬಹುದು. ವರ್ಷಕ್ಕೊಮ್ಮೆ ನಾಲ್ಕು ದಿನ ಹೋಗಿ ಬರುವವರು ಅಲ್ಲೇ ಸಿಕ್ಕದ್ದು ಬಾಡಿಗೆಗೆ ತಗೊಂಡು ಖುಷಿಯಾಗಿರಿ, ಈ ಕೊರೆಯುವ ಕೆಲಸ ಯಾಕೆ.

ವಾಪಸು ಬಂದ ಮೇಲಿನ ಆರೈಕೆ ಬಗ್ಗೆ ಎರಡು ಮಾತು. ಚರ್ಮಕ್ಕೆ ಜೇನುಮೇಣ ಬಿಸಿಲಲ್ಲಿ ಮೆತ್ತಗೆ ಮಾಡಿ ಹೊಲಿಗೆಯ ಮೇಲೆ ಬೆರಳಿನಿಂದಲೇ ತಿಕ್ಕಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬಿಳಿ ಬೂಷ್ಟು ಬರುತ್ತದೆ. ಒಳಗೆ ಪೇಪರು ತುರುಕಿ, ಗಾಳಿಯಾಡುವ ಕಡೆ ಇಟ್ಟು, ಪೇಪರನ್ನು ಆಗಾಗ ಬದಲಿಸಿ. ಸ್ಕೀಯ ಉಕ್ಕಿನ ಅಂಚಿಗೆ ಹೊಲಿಗೆ ಮಶೀನಿನ ಎಣ್ಣೆ ಸವರದಿದ್ದರೆ ಗಣಪತಿ ಬರುವಷ್ಟರಲ್ಲಿ ಕೆಂಪಗಾಗಿರುತ್ತದೆ. ಬೈಂಡಿಂಗಿಗೆ ಏನೂ ಬೇಡ, ಒರೆಸಿ ಇಟ್ಟರೆ ಸಾಕು.

ಸೆಕೆಂಡ್ ಹ್ಯಾಂಡ್ ಬೂಟು ನೋಡಲು ಹೋಗುವವರು ಜೇಬಿನಲ್ಲಿ ಒಂದು ಸ್ಕೇಲು ಇಟ್ಟುಕೊಂಡು ಹೋಗಿ. ತೂತಿನ ಸಾಲಿನಲ್ಲಿ ಅಗಲ 75 ಇದೆಯೇ ನೋಡಿ, ತೂತು ದುಂಡಗಿದೆಯೇ ನೋಡಿ, ಆಮೇಲೆ ಅಟ್ಟೆಯ ನಡುಪದರಕ್ಕೆ ಹೆಬ್ಬೆರಳಿನ ಉಗುರು ಒತ್ತಿ. ಗುರುತು ಬಿದ್ದು ಹಾಗೇ ಉಳಿದರೆ ಅಥವಾ ಪುಡಿ ಬಂದರೆ ಎದ್ದು ಬನ್ನಿ. ಕೊನೆಗೆ ಬೂಟನ್ನು ಎರಡೂ ಕೈಯಿಂದ ಚೆನ್ನಾಗಿ ಬಗ್ಗಿಸಿ. ಬಗ್ಗಿಸಲು ಬಿಡದವರ ಹತ್ತಿರ ಕೊಳ್ಳಬೇಡಿ.